ಆಡದ ಆಟಕ್ಕೆ ಕೊಟ್ಟ ದುಡ್ಡು

2016ರ ಸೆಪ್ಟೆಂಬರಿನಲ್ಲಿ ನಾನು ಒಂದು ಕಾರ್ಡನ್ನು ಕೈಯಲ್ಲಿ ಹಿಡಿಯುವ ಮೊದಲೇ ಹೊಗಳಿದೆ, ಕೊಂಡೆ, ಇನ್ನೊಬ್ಬ ಹುಡುಗನಿಂದಲೂ ಕೊಳ್ಳಿಸಿದೆ. ಮುಂದಿನ ಜನವರಿಯಲ್ಲಿ ಅದನ್ನು ಆಟದಿಂದ ಹೊರಗಿಟ್ಟರು. ಬರೀ ನನ್ನ ದುಡ್ಡು ಹೋಗಿದ್ದರೆ ಬರೆಯುವ ಪ್ರಮೇಯವೇ ಇರಲಿಲ್ಲ. ಅಂಥ ಪೆಟ್ಟು ತಿನ್ನದವರು ಈ ಹವ್ಯಾಸದಲ್ಲಿ ಕಡಿಮೆ. ಆದರೆ ನನ್ನ ಮಾತು ನಂಬಿ ಆ ಹುಡುಗನೂ ದುಡ್ಡು ಕಳೆದುಕೊಂಡ, ಅದೂ ಒಂದು ಸಲಕ್ಕೆ ಮುಗಿಯಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಇಸ್ಪೀಟಲ್ಲ. ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಈ ಕಾರ್ಡಿನಾಟವನ್ನು ರೂಪಿಸಿದ್ದು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ, ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಇಬ್ಬರು ತಲಾ ಕನಿಷ್ಠ 60 ಕಾರ್ಡಿನ ಡೆಕ್ ಕಟ್ಟಿಕೊಂಡು ಎದುರುಬದುರು ಕೂರುತ್ತಾರೆ. ಎದುರಾಳಿಯ 20 ಅಂಕಗಳ ಆಯಸ್ಸನ್ನು ಸೊನ್ನೆಗಿಳಿಸಿದವರು ಗೆದ್ದಂತೆ. ಡೆಕ್ಕಿಗೆ ಯಾವ ಕಾರ್ಡು ಎಂಬುದು ಆಟಗಾರನ ಆಯ್ಕೆ. ಒಂದೇ ಕಾರ್ಡಿನ ನಾಲ್ಕು ಪ್ರತಿಗಳವರೆಗೆ ಹಾಕಿಕೊಳ್ಳಬಹುದು. ಕಾರ್ಡು ಬರುವುದು ಮುಚ್ಚಿದ ಪ್ಯಾಕಿನಲ್ಲಿ, ಒಡೆಯುವ ತನಕ ಒಳಗೇನಿದೆ ಗೊತ್ತಾಗದು. ಬೇಕಾದ್ದು ಸಿಗದವರು ಬಿಡಿ ಕಾರ್ಡು ಮಾರುವ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಬೆಲೆ ಕಂಪನಿ ಕಟ್ಟಿದ್ದಲ್ಲ, ಬೇಡಿಕೆ ಕಟ್ಟಿದ್ದು. ಇತ್ತೀಚಿನ ಸೆಟ್‌ಗಳ ಕಾರ್ಡಿನಲ್ಲಿ ಮಾತ್ರ ಆಡುವ ಪದ್ಧತಿಗೆ ಸ್ಟ್ಯಾಂಡರ್ಡ್ ಎನ್ನುತ್ತಾರೆ. ನಾವು ಆಡುತ್ತಿದ್ದದ್ದು ಅದನ್ನೇ.

ಆಗ ವರ್ಷಕ್ಕೆ ನಾಲ್ಕು ಮುಖ್ಯ ಸೆಟ್ ಬರುತ್ತಿದ್ದವು. ಒಂದೊಂದು ಸೆಟ್ ಬರುವ ಕೆಲವು ವಾರ ಮೊದಲು ಪ್ರಿವ್ಯೂ ಶುರು. ಹೊಸ ಕಾರ್ಡುಗಳನ್ನು ಕಂಪನಿ ಒಟ್ಟಿಗೆ ತೋರಿಸುವುದಿಲ್ಲ. ಇವತ್ತೊಂದಿಷ್ಟು, ನಾಳೆಯೊಂದಿಷ್ಟು ಎಂದು ಬೇರೆ ಬೇರೆ ಬರಹಗಾರರ, ಆಟಗಾರರ ಮೂಲಕ ಬಿಡುತ್ತದೆ. ಅಂಗಡಿಗಳು ಅದೇ ಹೊತ್ತಿಗೆ ಮುಂಗಡ ಬುಕಿಂಗ್ ತೆರೆಯುತ್ತವೆ. ಅಂದರೆ ಕಾರ್ಡು ಇನ್ನೂ ಯಾರ ಕೈಗೂ ಬಂದಿಲ್ಲ, ಯಾರೂ ಅದರಲ್ಲಿ ಒಂದು ಆಟ ಆಡಿಲ್ಲ, ಆದರೂ ಅದಕ್ಕೊಂದು ಬೆಲೆ ಬಂದಾಗಿರುತ್ತದೆ.

ನಾನಿದ್ದದ್ದು ಅಮೆರಿಕದ ಸಿಯಾಟಲ್ ಆಸುಪಾಸಿನಲ್ಲಿ. ವಿಜರ್ಡ್ಸ್ ಕಂಪನಿಯ ಕಚೇರಿ ಇರುವ ರೆಂಟನ್ ಅಲ್ಲಿಗೆ ದೂರವಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಶುಕ್ರವಾರ ಸಂಜೆ ಅಂಗಡಿಯೊಂದರಲ್ಲಿ ಆಟಕ್ಕೆ ಸೇರುತ್ತಿದ್ದವರಲ್ಲಿ ಕನ್ನಡದವರು ನಾಲ್ಕೈದು ಜನ. ವಯಸ್ಸಿನಲ್ಲಿ ನಾನೇ ಹಿರಿಯ, ಆಡಿದ ಅನುಭವವೂ ನನಗೇ ಹೆಚ್ಚು. ಹಾಗಾಗಿ ಹೊಸ ಕಾರ್ಡು ಕಂಡಾಗಲೆಲ್ಲ ‘ಇದು ಹೇಗೆ?’ ಎಂಬ ಪ್ರಶ್ನೆ ನನ್ನತ್ತ ತಿರುಗುತ್ತಿತ್ತು. ಗೊತ್ತಿಲ್ಲ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಊಟದ ಬಿಡುವಿನಲ್ಲಿ ಪ್ರಿವ್ಯೂ ಓದಿ, ಸಂಜೆಗೆ ತೀರ್ಪು ಸಿದ್ಧಮಾಡಿಕೊಂಡು ಹೋಗುತ್ತಿದ್ದೆ. ಒಂದೆರಡು ಸಲ ನಾನು ಹೇಳಿದ್ದು ನಿಜವೂ ಆಯಿತು. ಸುಳ್ಳಾದವುಗಳ ಲೆಕ್ಕ ಯಾರೂ ಇಟ್ಟಿರಲಿಲ್ಲ, ನಾನಂತೂ ಇಟ್ಟಿರಲೇ ಇಲ್ಲ.

ಆ ಗುಂಪಿಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದು ಸೇರಿದ. ಎಂ.ಎಸ್. ಓದಲು ಬಂದವನು, ಯೂನಿವರ್ಸಿಟಿಯ ಊಟದ ಹಾಲಿನಲ್ಲಿ ಗಂಟೆ ಲೆಕ್ಕದ ಕೆಲಸ. ಹೆಸರು ಬೇಡ. ನನ್ನನ್ನು ಅಣ್ಣ ಎನ್ನುತ್ತಿದ್ದ. ಆಟವನ್ನು ಬೇಗ ಹಿಡಿದ, ಸೋತರೂ ನಗುತ್ತಿದ್ದ, ಅಗ್ಗದ ಕಾರ್ಡುಗಳಲ್ಲೇ ವಿಚಿತ್ರವಾದ ಡೆಕ್ ಕಟ್ಟಿಕೊಂಡು ಬರುತ್ತಿದ್ದ.

ಆ ವರ್ಷ ಸೆಪ್ಟೆಂಬರ್ 30ಕ್ಕೆ ಬರಬೇಕಿದ್ದ ಸೆಟ್‌ನ ಹೆಸರು ಕಲಾದೇಶ್. ಹೆಸರೇ ಹೇಳುವಂತೆ ಭಾರತದ ಛಾಯೆಯ ಲೋಕ. ಚಂದ್ರ ನಲಾರ್ ಎಂಬ ಹಳೆಯ ಪಾತ್ರದ ತವರು ಅದು. ಪ್ರಿವ್ಯೂಗಳಲ್ಲಿ ಸಹೀಲಿ ರೈ, ರಶ್ಮಿ ಎಂಬ ಹೆಸರುಗಳು ಬಂದವು. ಸೀರೆಯ ಸೆರಗಿನಂಥ ಉಡುಗೆ, ಲೋಹದ ಕುಸುರಿ ಕೆಲಸ, ಹೊಸ ಯಂತ್ರಗಳ ಜಾತ್ರೆ. ಅಲ್ಲಿಯವರೆಗೆ ಈ ಆಟದಲ್ಲಿ ನಾನು ಕಂಡದ್ದೆಲ್ಲ ಯುರೋಪಿನ ಕೋಟೆ, ಗ್ರೀಸಿನ ದೇವರು, ಟ್ರಾನ್ಸಿಲ್ವೇನಿಯಾದ ರಕ್ತಪಿಪಾಸುಗಳು. ಈಗ ನಮ್ಮ ಕಡೆಯ ಮುಖಗಳು! ಟೆಸ್ಟರ್‌ನ ಅನುಮಾನದ ಕಣ್ಣನ್ನು ನಾನು ಮುಚ್ಚಿದ್ದೇ ಆಗ. ಚಂದವಿದ್ದದ್ದೆಲ್ಲ ಬಲವಾಗಿಯೂ ಕಂಡಿತು.

ಬಲವಾದ ಕಾರ್ಡೂ ಇತ್ತು ಅನ್ನಿ. ಸ್ಮಗ್ಲರ್ಸ್ ಕಾಪ್ಟರ್ ಎಂಬ ಹಾರುವ ವಾಹನ. ಅಗ್ಗದಲ್ಲಿ ಆಡಬಹುದು, ಓಡಿಸಲು ಒಂದು ಪುಟ್ಟ ಜೀವಿ ಸಾಕು, ದಾಳಿ ಮಾಡಿದಾಗಲೆಲ್ಲ ಒಂದು ಹೊಸ ಕಾರ್ಡು ಎಳೆದು ಬೇಡದ್ದೊಂದನ್ನು ಬಿಸಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ಬಣ್ಣವಿಲ್ಲ. ಈ ಆಟದ ಐದು ಬಣ್ಣಗಳಲ್ಲಿ ಯಾವುದರ ಡೆಕ್ಕಿಗಾದರೂ ಸಲ್ಲುತ್ತದೆ. ‘ಇದನ್ನು ಎಲ್ಲರೂ ಆಡುತ್ತಾರೆ, ಬೆಲೆ ಇಳಿಯುವ ಮಾತೇ ಇಲ್ಲ’ ಎಂದೆ. ನಾಲ್ಕು ಪ್ರತಿ ಮುಂಗಡ ಬುಕ್ ಮಾಡಿದೆ. ಹುಡುಗ ಹಿಂದೆಮುಂದೆ ನೋಡಿದ. “ನೀವು ಹೇಳಿದ್ರೆ ತಗೋತೀನಣ್ಣ” ಎಂದ. ತಗೋ ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಕಲಾದೇಶ್ ಇನ್ವೆನ್ಷನ್ಸ್ ಎಂಬ ವಿಶೇಷ ಕಾರ್ಡುಗಳು ಕೆಲವು ಪ್ಯಾಕುಗಳಲ್ಲಿ ಅಡಗಿರುತ್ತವೆ, ಸುಮಾರು 144 ಪ್ಯಾಕಿಗೆ ಒಂದು ಎಂಬ ಸುದ್ದಿ ಬಂದಿತ್ತು. ಒಂದು ಪೆಟ್ಟಿಗೆಯಲ್ಲಿ 36 ಪ್ಯಾಕು. ನಾಲ್ಕು ಪೆಟ್ಟಿಗೆಗೆ ಒಂದು ಗ್ಯಾರಂಟಿ ಎಂದು ನನ್ನ ಬಾಯಿಲೆಕ್ಕ. ಲೆಕ್ಕ ತಪ್ಪು. 144 ಪ್ಯಾಕು ಒಡೆದರೂ ಒಂದೂ ಸಿಗದಿರುವ ಸಾಧ್ಯತೆ ಸುಮಾರು ಶೇ. 37. ಒಂದೇ ಪೆಟ್ಟಿಗೆ ಕೊಂಡವನಿಗೆ ಸಿಗದಿರುವ ಸಾಧ್ಯತೆ ಶೇ. 78ರ ಹತ್ತಿರ. ಇದು ಪಿಯುಸಿಯ ಗಣಿತ, ನನಗೆ ಬರುತ್ತಿತ್ತು. ಕೊಳ್ಳುವ ಮೊದಲು ಮಾಡಿ ನೋಡಲಿಲ್ಲ ಅಷ್ಟೆ. ಪೆಟ್ಟಿಗೆಗಳು ಮನೆಗೆ ಬಂದವು. ಒಡೆದೆ. ವಿಶೇಷದ್ದು ಒಂದೂ ಬರಲಿಲ್ಲ.

ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡಿನ ಬಿಲ್ಲು ಹೆಂಡತಿಯ ಕಣ್ಣಿಗೆ ಬಿತ್ತು. ಜಗಳವಾಡುವ ಪೈಕಿ ಅಲ್ಲ ಅವಳು. “ಅಲ್ಲಾ ರೀ, ಕೂಸು ಹುಟ್ಟೋಕ್ ಮುಂಚೆ ಜನ ಒಂದು ಕುಲಾವಿ ಹೊಲಿಸ್ತಾರೆ. ನೀವು ನಾಲ್ಕು ಹೊಲಿಸಿದೀರಲ್ಲ” ಎಂದಳು. ನಾನು ನಕ್ಕೆ. ಇದು ಖರ್ಚಲ್ಲ, ಇದ್ದಲ್ಲೇ ಬೆಳೆಯುವ ಗಂಟು ಎಂದು ವಿವರಿಸಿದೆ. ಆ ದುಡ್ಡು ಡಿಸೆಂಬರಿನಲ್ಲಿ ಊರಿಗೆ ಹೋಗುವ ಟಿಕೆಟ್ಟಿಗೆಂದು ತೆಗೆದಿಟ್ಟದ್ದು ಎಂಬುದನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಡಿಸೆಂಬರಿನಲ್ಲಿ ಊರಿಗೆ ಹೋಗಲಿಲ್ಲ.

ಕಾಪ್ಟರ್ ಬಗ್ಗೆ ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು. ಎಲ್ಲರೂ ಅದನ್ನೇ ಆಡಿದರು. ಯಾರ ಡೆಕ್ ನೋಡಿದರೂ ಅದೇ ವಾಹನ. 2017ರ ಜನವರಿ 9ರಂದು ಕಂಪನಿ ಮೂರು ಕಾರ್ಡುಗಳನ್ನು ಸ್ಟ್ಯಾಂಡರ್ಡ್‌ನಿಂದ ನಿಷೇಧಿಸಿತು, ಅವುಗಳಲ್ಲಿ ಕಾಪ್ಟರ್ ಒಂದು. ಲೆಕ್ಕವಿಲ್ಲದಷ್ಟು ಡೆಕ್ಕುಗಳಲ್ಲಿ ಅದು ತುಂಬಿಕೊಂಡಿದೆ, ಆಟದ ವೈವಿಧ್ಯ ಹೋಯಿತು ಎಂಬುದೇ ಕಾರಣ. ನಾನು ಗುಣ ಎಂದು ಎಣಿಸಿದ್ದನ್ನೇ ಅವರು ದೋಷ ಎಂದು ಎಣಿಸಿದರು. ಸ್ಟ್ಯಾಂಡರ್ಡ್‌ನಲ್ಲಿ ಅದಕ್ಕೆ ಮುಂಚೆ ನಿಷೇಧವಾದದ್ದು 2011ರ ಜೂನಿನಲ್ಲಿ. ಐದೂವರೆ ವರ್ಷ ಆಗದೇ ಇದ್ದದ್ದು ಇನ್ನು ಆಗುವುದೇ ಇಲ್ಲ ಎಂದು ನಂಬಿದ್ದೆ. ನನ್ನ ಕೆಲಸದಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಮೀಟಿಂಗಿನಿಂದ ಎಬ್ಬಿಸಿ ಕಳಿಸುತ್ತಿದ್ದೆ.

ಇಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಬದಲಿಗೆ ಹೋದ ಮಾನವನ್ನು ಮರಳಿ ಪಡೆಯುವ ಹಟ ಬಂತು.

ಹುಡುಗನ ಹತ್ತಿರ ಸಹೀಲಿ ರೈ ಕಾರ್ಡುಗಳಿದ್ದವು, ಚಿತ್ರ ಇಷ್ಟವಾಗಿ ಇಟ್ಟುಕೊಂಡಿದ್ದ. ‘ಅದರಿಂದ ಏನೂ ಉಪಯೋಗವಿಲ್ಲ, ಕೊಟ್ಟುಬಿಡು’ ಎಂದು ಡಿಸೆಂಬರಿನಲ್ಲೇ ಮಾರಿಸಿದ್ದೆ. ಜನವರಿಯಲ್ಲಿ ಜೋಡಿ ಸೆಟ್ ಈಥರ್ ರಿವೋಲ್ಟ್‌ನ ಪ್ರಿವ್ಯೂ ಬಂತು. ಅದರಲ್ಲಿ ಫೆಲಿಡಾರ್ ಗಾರ್ಡಿಯನ್ ಎಂಬ ಬೆಕ್ಕಿನ ಜಾತಿಯ ಜೀವಿ. ನಿಮ್ಮದೇ ಒಂದು ಕಾರ್ಡನ್ನು ಕ್ಷಣಮಾತ್ರ ಆಟದಿಂದ ಆಚೆ ಕಳಿಸಿ ಮರಳಿ ತರುವುದು ಅದರ ಶಕ್ತಿ. ನಾನು ಓದಿ ಮುಂದೆ ಹೋದೆ. ಆದರೆ ಸಾವಿರಾರು ಆಟಗಾರರು ಅದೇ ದಿನ ಹಿಡಿದುಬಿಟ್ಟರು: ಸಹೀಲಿ ಆ ಬೆಕ್ಕಿನ ನಕಲು ಮಾಡುತ್ತಾಳೆ, ನಕಲು ಬೆಕ್ಕು ಸಹೀಲಿಯನ್ನು ಹೊಸದಾಗಿ ಮರಳಿ ತರುತ್ತದೆ, ಹೊಸ ಸಹೀಲಿ ಮತ್ತೊಂದು ನಕಲು ಮಾಡುತ್ತಾಳೆ. ಕೊನೆಯೇ ಇಲ್ಲ. ಒಂದೇ ಸರದಿಯಲ್ಲಿ ಎಣಿಸಲಾಗದಷ್ಟು ಬೆಕ್ಕುಗಳು ದಾಳಿಗೆ ಸಿದ್ಧ. ಆಟ ಮುಗಿಯಿತು. ಈ ಜೋಡಿ ತಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ ಎಂದು ಕಾರ್ಡು ಮಾಡಿದವರೇ ಒಪ್ಪಿಕೊಂಡರು. ಹುಡುಗ ಮಾರಿದ್ದ ಸಹೀಲಿಯ ಬೆಲೆ ಏರಿತು.

ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಏಪ್ರಿಲ್ 24ಕ್ಕೆ ಹೊಸ ನಿಷೇಧಪಟ್ಟಿಯ ಘೋಷಣೆ ಇತ್ತು. ಬೆಕ್ಕನ್ನು ತೆಗೆಯುತ್ತಾರೆ ಎಂದು ಎಲ್ಲರೂ ಕಾದಿದ್ದರು. ಸ್ಟ್ಯಾಂಡರ್ಡ್‌ನಲ್ಲಿ ಬದಲಾವಣೆಯಿಲ್ಲ ಎಂದು ಪ್ರಕಟವಾಯಿತು. ಅಂದೇ ಅವನಿಗೆ ಫೋನು ಮಾಡಿದೆ. ‘ಇನ್ನು ಮುಂದಿನ ಘೋಷಣೆಯ ತನಕ ಭಯವಿಲ್ಲ, ಸಹೀಲಿಯನ್ನು ಈಗಲೇ ಮರಳಿ ಕೊಂಡುಕೋ’ ಎಂದೆ. ಕೊಂಡ. ಎರಡು ದಿನದ ನಂತರ, ಏಪ್ರಿಲ್ 26ರಂದು, ಕಂಪನಿ ತನ್ನ ಮಾತನ್ನು ತಾನೇ ತಿದ್ದಿಕೊಂಡು ಫೆಲಿಡಾರ್ ಗಾರ್ಡಿಯನ್ ಅನ್ನು ನಿಷೇಧಿಸಿತು. ಆನ್‌ಲೈನ್ ಆಟಗಳಿಂದ ಬಂದ ಹೊಸ ಅಂಕಿಅಂಶಗಳನ್ನು ಕಾರಣವಾಗಿ ಕೊಟ್ಟಿತು. ಜೊತೆಗಾರ ಹೋದ ಮೇಲೆ ಸಹೀಲಿಯನ್ನು ಯಾರು ಕೇಳುತ್ತಾರೆ?

ಎರಡು ಶುಕ್ರವಾರ ಅವನು ಬರಲಿಲ್ಲ. ಮೂರನೆಯ ವಾರ ನಾನೇ ಅವನ ಕೋಣೆಗೆ ಹೋದೆ. ಹೋದ ದುಡ್ಡನ್ನು ಕೊಡುತ್ತೇನೆ ಎಂದೆ. ಬೇಡ ಎಂದ. ಪರೀಕ್ಷೆ ಇದೆ, ಕೆಲಸದ ಗಂಟೆ ಹೆಚ್ಚಿಸಿಕೊಂಡಿದ್ದೇನೆ ಎಂದೆಲ್ಲ ಹೇಳಿ, ಕೊನೆಗೆ ಬಾಗಿಲಲ್ಲಿ, “ಅಣ್ಣಾ, ನಾನು ಆಡಕ್ಕೆ ಅಂತ ಬರ್ತಿದ್ದೆ. ಈಗ ರೇಟು ನೋಡಕ್ಕೆ ಬಂದಂಗೆ ಆಗ್ತೈತಿ” ಎಂದ. ಹತ್ತಿರದ ಪಟ್ಟಣದಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು, ಹೊರಟುಹೋದ. ಆಮೇಲೆ ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ಹೆಚ್ಚಿನ ಮಾತಿಲ್ಲ. ಅವನ ಆಟ ಬಿಡಿಸಿದ್ದು ನಾನು.

ಯಾಕೆ ಹೀಗಾಯಿತು ಎಂದು ಯೋಚಿಸಲು ನನಗೆ ಬಹಳ ಕಾಲ ಹಿಡಿಯಿತು. ನೆರವಾದದ್ದು ಕಾರ್ಡು ಮಾಡುವವರೇ ಬರೆದ ತಪ್ಪೊಪ್ಪಿಗೆಗಳು. ಈ ಕಂಪನಿಯ ಒಂದು ಒಳ್ಳೆಯ ಅಭ್ಯಾಸವೆಂದರೆ, ಕಾರ್ಡು ಕೆಟ್ಟಾಗ ವಿನ್ಯಾಸಕರು ಎಲ್ಲಿ ಎಡವಿದೆವು ಎಂದು ಹೆಸರು ಹಾಕಿ ಬರೆಯುತ್ತಾರೆ. 2004ರಲ್ಲಿ ಬಂದು ಅದೇ ವರ್ಷ ನಿಷೇಧವಾದ ಸ್ಕಲ್‌ಕ್ಲ್ಯಾಂಪ್ ಬಗ್ಗೆ ಆರನ್ ಫೋರ್ಸೈಥ್ ಬರೆದರು: ತಯಾರಿಯ ಕೊನೆಯ ಹಂತದಲ್ಲಿ ಒಂದು ಸಂಖ್ಯೆ ಬದಲಾಯಿತು, ಬದಲಾದ ಮೇಲೆ ಅದರ ಬಲ ಎಷ್ಟೆಂದು ಸರಿಯಾಗಿ ನೋಡಲಿಲ್ಲ. ಇಪ್ಪತ್ತು ವರ್ಷದ ನಂತರ, 2024ರ ಜೂನಿನಲ್ಲಿ ಬಂದು ಆಗಸ್ಟಿನಲ್ಲಿ ನಿಷೇಧವಾದ ನಾಡು ಎಂಬ ಕಾರ್ಡಿನ ಬಗ್ಗೆ ಮೈಕಲ್ ಮೇಜರ್ಸ್ ಬರೆದದ್ದೂ ಹೆಚ್ಚುಕಡಿಮೆ ಅದನ್ನೇ: ಕೊನೆಯಲ್ಲಿ ಬರಹ ಬದಲಾಯಿತು, ಬದಲಾದ ರೂಪವನ್ನು ಆಡಿ ನೋಡಿರಲಿಲ್ಲ. ಟೆಸ್ಟಿಂಗ್ ಕೆಲಸದವರಿಗೆ ಇದು ದಿನಬೆಳಗಿನ ಕಥೆ. ಬಿಡುಗಡೆಯ ಹಿಂದಿನ ಸಂಜೆ ‘ಚಿಕ್ಕದೊಂದು ಬದಲಾವಣೆ’ ಎಂದು ಒಳಗೆ ಬಿಟ್ಟದ್ದೇ ಇಡೀ ವ್ಯವಸ್ಥೆಯನ್ನು ಮಲಗಿಸುತ್ತದೆ. ತಿಂಗಳುಗಟ್ಟಲೆ ಆಡಿ ನೋಡುವುದೇ ಕೆಲಸವಾಗಿರುವ ಜನಕ್ಕೆ ತಿಳಿಯದ್ದನ್ನು ನಾನು ಊಟದ ಡಬ್ಬಿ ಪಕ್ಕಕ್ಕಿಟ್ಟು, ಫೋನಿನ ಚಿತ್ರ ನೋಡಿ ತಿಳಿಯುತ್ತೇನೆ ಎಂದುಕೊಂಡಿದ್ದೆನಲ್ಲ!

ಕಲಾದೇಶ್ ಜೋಡಿ ಸೆಟ್‌ಗಳ ಪಾಡಂತೂ ಕಾಪ್ಟರ್, ಬೆಕ್ಕುಗಳಿಗೇ ಮುಗಿಯಲಿಲ್ಲ. 2017ರ ಜೂನಿನಲ್ಲಿ ಈಥರ್‌ವರ್ಕ್ಸ್ ಮಾರ್ವೆಲ್, 2018ರ ಜನವರಿಯಲ್ಲಿ ಅಟ್ಯೂನ್ ವಿತ್ ಈಥರ್ ಮತ್ತು ರೋಗ್ ರಿಫೈನರ್, ಹೀಗೆ ಐದು ಕಾರ್ಡು ಸ್ಟ್ಯಾಂಡರ್ಡ್‌ನಿಂದ ಹೊರಬಿದ್ದವು. ಕೊನೆಯ ಎರಡು ಸಾಧಾರಣ ದರ್ಜೆಯ ಕಾರ್ಡುಗಳು, ಪ್ರಿವ್ಯೂ ಕಾಲದಲ್ಲಿ ನಾನು ತಿರುಗಿಯೂ ನೋಡದಂಥವು. ಆಟದ ಸಮತೋಲನ ನೋಡಲೆಂದೇ ಕಂಪನಿ 2017ರಲ್ಲಿ ಪ್ಲೇ ಡಿಸೈನ್ ಎಂಬ ಪ್ರತ್ಯೇಕ ತಂಡ ಕಟ್ಟಿತು. ತಂಡ ಕಟ್ಟಿದ ಮೇಲೂ ತಪ್ಪುಗಳು ನಿಂತಿಲ್ಲ. ನಿಲ್ಲುವುದೂ ಕಷ್ಟ. ಕಾರ್ಡಿನ ಬಲ ಅದರ ಮೇಲೆ ಬರೆದ ಸಾಲುಗಳಲ್ಲಷ್ಟೇ ಇರುವುದಿಲ್ಲ; ಅದು ಸುತ್ತಲಿನ ಕಾರ್ಡುಗಳ ಮೇಲೆ, ಇನ್ನೂ ಬರಬೇಕಾದ ಕಾರ್ಡುಗಳ ಮೇಲೆ, ಜಗತ್ತಿನ ಲಕ್ಷಾಂತರ ಆಟಗಾರರ ತಲೆಯ ಮೇಲೆ ನಿಂತಿದೆ. ಸೆಪ್ಟೆಂಬರಿನ ಸಹೀಲಿ ನಿಜಕ್ಕೂ ದುರ್ಬಲಳೇ. ಜನವರಿಯವಳು ಅಲ್ಲ. ಏಪ್ರಿಲ್ ಕೊನೆಗೆ ಮತ್ತೆ ದುರ್ಬಲಳು. ಕಾರ್ಡಿನ ಒಂದು ಅಕ್ಷರವೂ ಬದಲಾಗಿರಲಿಲ್ಲ.

ತಿರಸ್ಕಾರದಲ್ಲೂ ಇದೇ ಪಾಠ. 1995ರ ಐಸ್ ಏಜ್ ಸೆಟ್‌ನ ನೆಕ್ರೊಪೊಟೆನ್ಸ್ ಬಂದಾಗ ಬಹಳ ಜನ ಅದನ್ನು ಕೈಲಾಗದ ಕಾರ್ಡು ಎಂದು ಬದಿಗಿಟ್ಟರು. ಮರುವರ್ಷ ಪಂದ್ಯಗಳನ್ನು ಆಳಿದ್ದು ಅದೇ. 2007ರಲ್ಲಿ ಬಂದ ಟಾರ್ಮೊಗಾಯ್ಫ್‌ನ ಬೆಲೆ ಮೊದಮೊದಲು ಏನೇನೂ ಇರಲಿಲ್ಲ. ಆಮೇಲೆ ವರ್ಷಗಟ್ಟಲೆ ಅದು ಅತಿ ದುಬಾರಿ ಕಾರ್ಡುಗಳ ಸಾಲಿನಲ್ಲಿ ಕೂತಿತು.

ಬೆಲೆಯ ವಿಷಯವೂ ಇಷ್ಟೇ ಸರಳ. ಪ್ರಿವ್ಯೂ ಹೊತ್ತಿನಲ್ಲಿ ಆಸೆ ಪೂರ್ತಿ ಇರುತ್ತದೆ, ಕಾರ್ಡು ಒಂದೂ ಇರುವುದಿಲ್ಲ. ಬಿಡುಗಡೆಯಾದ ಮೇಲೆ ಅಂಗಡಿಗಳು ಪೆಟ್ಟಿಗೆಗಟ್ಟಲೆ ಒಡೆಯುತ್ತವೆ, ಬಿಡಿ ಕಾರ್ಡುಗಳು ಮಾರುಕಟ್ಟೆಗೆ ಸುರಿಯುತ್ತವೆ, ಬಹುಪಾಲು ಕಾರ್ಡುಗಳ ಬೆಲೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಏರುವ ಕಾರ್ಡೂ ಇರುತ್ತದೆ. ಆದರೆ ಏರುವುದು ಯಾವುದು ಎಂದು ಮೊದಲೇ ಗೊತ್ತು ಎನ್ನುವವನು ನಾನು ಆಗ ಮಾಡಿದ್ದನ್ನೇ ಮಾಡುತ್ತಿದ್ದಾನೆ.

ಈಗ ನಾನು ಪ್ರಿವ್ಯೂ ನೋಡುವುದನ್ನು ಬಿಟ್ಟಿಲ್ಲ. ಅದರಲ್ಲಿ ಸುಖವಿದೆ, ಆ ಸುಖ ಪುಕ್ಕಟೆ. ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಹೊಸ ಕಾರ್ಡು ಕಂಡರೆ ತಾರೀಖು ಹಾಕಿ, ಇದು ಬಲವಾದದ್ದೋ ಅಲ್ಲವೋ, ಯಾಕೆ ಎಂದು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಮೂರು ತಿಂಗಳ ಮೇಲೆ ತೆಗೆದು ನೋಡುತ್ತೇನೆ. ಅರ್ಧಕ್ಕಿಂತ ಹೆಚ್ಚು ತಪ್ಪು. ಕಣ್ಣಿಗೆ ಚಂದವೆನಿಸಿದ ಕಾರ್ಡುಗಳ ವಿಷಯದಲ್ಲಿ ಇನ್ನೂ ಹೆಚ್ಚು ತಪ್ಪು, ಇದು ನನ್ನ ಬಗ್ಗೆ ನಾನು ಕಲಿತ ಅತಿ ಉಪಯುಕ್ತ ಸಂಗತಿ. ಕಾರ್ಡು ಪ್ರಯತ್ನಿಸಿ ನೋಡಬೇಕೆನಿಸಿದರೆ ಚೀಟಿಯ ಮೇಲೆ ಹೆಸರು ಬರೆದು, ಹಳೆಯ ಕಾರ್ಡಿನ ಕವರಿಗೆ ತುರುಕಿ ಮನೆಯಲ್ಲೇ ಸ್ನೇಹಿತರ ಜೊತೆ ಆಡುತ್ತೇನೆ. ಪಂದ್ಯಕ್ಕೆ ಅದು ಸಲ್ಲದು, ತಿಳಿದುಕೊಳ್ಳಲು ಧಾರಾಳ ಸಾಕು.

2025ರ ಫೆಬ್ರುವರಿಯಲ್ಲಿ ಆ ಲೋಕ ಮತ್ತೆ ಬಂತು. ಸೆಟ್‌ನ ಹೆಸರು ಈಥರ್‌ಡ್ರಿಫ್ಟ್. ಕಲಾದೇಶಕ್ಕೆ ಈಗ ಅವಿಷ್ಕಾರ್ ಎಂದು ಹೊಸ ಹೆಸರು. ಚಂದ್ರ ವಾಹನ ಓಡಿಸುತ್ತಿದ್ದ ಚಿತ್ರ ನೋಡಿ ಕೈ ತುರಿಸಿದ್ದು ನಿಜ. ಬುಕ್ ಮಾಡಲಿಲ್ಲ. ಬಿಡುಗಡೆಗೆ ಒಂದು ವಾರ ಮುಂಚಿನ ಪ್ರೀರಿಲೀಸ್ ಆಟಕ್ಕೆ ಹೋದೆ. ಅಲ್ಲಿ ಎಲ್ಲರಿಗೂ ಆರು ಪ್ಯಾಕು; ಸ್ಥಳದಲ್ಲೇ ಒಡೆದು, ಸಿಕ್ಕಿದ್ದರಲ್ಲೇ ಡೆಕ್ ಕಟ್ಟಿ ಆಡಬೇಕು. ಯಾರ ಭವಿಷ್ಯವಾಣಿಯೂ ಅಲ್ಲಿ ಕೆಲಸಕ್ಕೆ ಬಾರದು. ಆ ವರ್ಷ ಮುಖ್ಯ ಸೆಟ್‌ಗಳೇ ಆರು ಬಂದವು, ಅವುಗಳಲ್ಲಿ ಫೈನಲ್ ಫ್ಯಾಂಟಸಿ, ಸ್ಪೈಡರ್‌ಮ್ಯಾನ್, ಅವತಾರ್ ಎಂದು ಮೂರು ಹೊರಗಿನ ಕಥೆಗಳವು. ಒಂದರ ಪ್ಯಾಕು ಒಡೆದು ಮುಗಿಯುವ ಮೊದಲೇ ಇನ್ನೊಂದರ ಪ್ರಿವ್ಯೂ. ಎಲ್ಲವನ್ನೂ ಬೆನ್ನಟ್ಟಿದರೆ ಆಡಲು ಸಮಯವೇ ಉಳಿಯದು.

ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗನಿಗೆ ಪೋಕೆಮಾನ್ ಕಾರ್ಡಿನ ಹುಚ್ಚು. ಹೊಸ ಸೆಟ್ ಬರುತ್ತದಂತೆ ಮಾಮ, ಈಗಲೇ ಬುಕ್ ಮಾಡೋಣವಾ ಎಂದು ಕೇಳುತ್ತಾನೆ. ಅವನಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ. ಬರಲಿರುವ ಕಾರ್ಡುಗಳ ಚಿತ್ರ ನೋಡಿ, ಮನಸಾರೆ ಊಹೆ ಮಾಡಿ, ಊಹೆಯನ್ನು ತಾರೀಖಿನ ಸಮೇತ ಬರೆದಿಡಿ. ಕಾರ್ಡು ಬಂದು ಒಂದು ತಿಂಗಳಾಗುವ ತನಕ ದುಡ್ಡು ತೆಗೆಯಬೇಡಿ. ಅಷ್ಟರಲ್ಲಿ ಬೆಲೆಯೂ ಇಳಿದಿರುತ್ತದೆ, ನಿಮಗದು ನಿಜವಾಗಿ ಬೇಕೋ ಬೇಡವೋ ಎಂಬುದೂ ತಿಳಿದಿರುತ್ತದೆ. ಮುಚ್ಚಿದ ಪ್ಯಾಕನ್ನು ಒಡೆಯುವ ಖುಷಿಗೆ ಮಾತ್ರ ಕೊಳ್ಳಿ, ಲಾಭಕ್ಕೆಂದು ಕೊಳ್ಳಬೇಡಿ. ನಿಮಗಿಂತ ಕಿರಿಯರು, ಕೈಯಲ್ಲಿ ಕಾಸು ಕಡಿಮೆ ಇರುವವರು ಬಂದು ‘ಇದನ್ನು ತಗೊಳ್ಳಲಾ?’ ಎಂದು ಕೇಳಿದರೆ, ಮೊದಲು ನಿಮ್ಮ ತಪ್ಪಿದ ಊಹೆಗಳ ಪಟ್ಟಿಯನ್ನು ಅವರ ಮುಂದಿಡಿ. ಅದನ್ನು ಓದಿದ ಮೇಲೂ ಕೊಳ್ಳುತ್ತೇನೆ ಎಂದರೆ, ಆ ನಿರ್ಧಾರ ಅವರದೇ ಆಗಿರುತ್ತದೆ.